ಊರಿನಿಂದ ದೂರವಿರುವಾಗ ಗುಪ್ತಪದ ಹಾಗೂ ವೈಯಕ್ತಿಕ ಮಾಹಿತಿಯ ಸಂರಕ್ಷಣೆ – ಒಂದು ವಿಶ್ಲೇಷಣೆ

ಚೌಡಾಪುರ ಹಾಗೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ

1. ಪೀಠಿಕೆ

ಕಲಬುರಗಿಯಿಂದ ಅಫಜಲಪುರಕ್ಕೆ ಸಾಗುವ ರಸ್ತೆಯಲ್ಲಿರುವ ಚೌಡಾಪುರವು ದೇವಲ ಗಾಣಗಾಪುರದ ಶ್ರೀ ದತ್ತಾತ್ರೇಯ ಕ್ಷೇತ್ರಕ್ಕೆ ತೆರಳುವ ಯಾತ್ರಾರ್ಥಿಗಳು ಹಾದುಹೋಗುವ ಊರಾಗಿದೆ. ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಈ ಭಾಗದ ಅನೇಕ ಕುಟುಂಬಗಳು ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದ್ ಹಾಗೂ ಬೆಂಗಳೂರು ನಗರಗಳಿಗೆ ಗುಳೆ ಹೋಗಿ ತಿಂಗಳುಗಟ್ಟಲೆ ಅಲ್ಲಿಯೇ ನೆಲೆಸುತ್ತವೆ. ವಿದ್ಯಾರ್ಥಿಗಳು ವ್ಯಾಸಂಗಕ್ಕಾಗಿ ಹಾಗೂ ಉದ್ಯೋಗಾಕಾಂಕ್ಷಿಗಳು ಪರೀಕ್ಷೆಗಳಿಗಾಗಿ ಪರಸ್ಥಳಗಳಿಗೆ ತೆರಳುತ್ತಾರೆ.

ಹೀಗೆ ದೂರದಲ್ಲಿರುವವರ ಕಚೇರಿ ಕೆಲಸಗಳು ಮಾತ್ರ ಊರಿನಲ್ಲಿಯೇ ಉಳಿದಿರುತ್ತವೆ. ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಸಂವಿಧಾನದ 371(ಜೆ) ವಿಧಿಯನ್ವಯ ಪಡೆಯಬೇಕಾದ ಅರ್ಹತಾ ಪ್ರಮಾಣ ಪತ್ರ, ಪಹಣಿ, ವೃದ್ಧಾಪ್ಯ ವೇತನ, ವಿದ್ಯಾರ್ಥಿ ವೇತನ ಹಾಗೂ ಮತದಾರರ ಪಟ್ಟಿಯಲ್ಲಿನ ಹೆಸರು ಇವೆಲ್ಲವೂ ಇಂದು ಗಣಕಯಂತ್ರ ಅಥವಾ ಮೊಬೈಲ್ ಮೂಲಕ ನಿರ್ವಹಿಸಲ್ಪಡುತ್ತಿವೆ. ಪರಊರಿನಲ್ಲಿರುವ ಅರ್ಜಿದಾರರು ಇವುಗಳಿಗಾಗಿ ಸೈಬರ್ ಕೆಫೆ, ಝೆರಾಕ್ಸ್ ಅಂಗಡಿ, ಸ್ನೇಹಿತರ ಲ್ಯಾಪ್‌ಟಾಪ್ ಅಥವಾ ಮಾಲೀಕರ ಕಚೇರಿಯ ಗಣಕಯಂತ್ರವನ್ನು ಅವಲಂಬಿಸುತ್ತಾರೆ.

ಊರಿನಲ್ಲಿ ಇಲ್ಲದ ವ್ಯಕ್ತಿಯ ಪರವಾಗಿ ಕಚೇರಿಯ ಮುಂದೆ ನಿಲ್ಲುವುದು ಆತನ ಮೊಬೈಲ್ ಸಂಖ್ಯೆ, ಗುಪ್ತಪದ ಮತ್ತು ಗುರುತಿನ ದಾಖಲೆಗಳು. ಇವು ಅನ್ಯರ ಕೈ ಸೇರಿದಲ್ಲಿ ಆತನ ಹೆಸರಿನಲ್ಲಿ ಅನ್ಯರು ನಿಂತಂತಾಗುತ್ತದೆ. ಊರಿನಲ್ಲಿದ್ದವರಿಗೆ ಇದು ನೆರೆಹೊರೆಯವರಿಂದಲಾದರೂ ಬೇಗ ತಿಳಿಯುತ್ತದೆ. ದೂರದಲ್ಲಿದ್ದವರಿಗೆ ತಿಳಿಯುವಷ್ಟರಲ್ಲಿ ಹಣ ಅಥವಾ ಹಕ್ಕು ಕೈತಪ್ಪಿರುವ ಸಂಭವವಿರುತ್ತದೆ. ಈ ಹಿನ್ನೆಲೆಯಲ್ಲಿ ಇತ್ತೀಚಿನ ಕೆಲವು ಬೆಳವಣಿಗೆಗಳನ್ನು ವಿಶ್ಲೇಷಿಸಿ, ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ಆಳಂದದಿಂದ ತಿಳಿಯಬೇಕಾದುದು

2023ರ ಮೇ ತಿಂಗಳಿನಲ್ಲಿ ನಡೆದ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕುವಂತೆ ಕೋರಿ ನಮೂನೆ-7ರಲ್ಲಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಸಲ್ಲಿಕೆಯಾಗಿದ್ದವು. ಪರಿಶೀಲನೆ ನಡೆಸಿದಾಗ ಅವುಗಳಲ್ಲಿ 24 ಮಾತ್ರ ಸರಿಯಾದವೆಂದು ಕಂಡುಬಂದು, ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತೆಂದು ಚುನಾವಣಾ ಆಯೋಗವು ತಿಳಿಸಿದೆ. ಈ ಸಂಬಂಧ 2023ರ ಫೆಬ್ರುವರಿ 21ರಂದು ಆಳಂದ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ರಚಿಸಿತು. ಇದಕ್ಕೆ ಯಾರು ಹೊಣೆ ಎಂಬುದನ್ನು ನಿರ್ಣಯಿಸುವುದು ತನಿಖಾ ಸಂಸ್ಥೆ ಹಾಗೂ ನ್ಯಾಯಾಲಯಕ್ಕೆ ಸೇರಿದ ವಿಷಯವಾದುದರಿಂದ ಆ ಕುರಿತು ಇಲ್ಲಿ ಯಾವುದೇ ಅಭಿಪ್ರಾಯ ವ್ಯಕ್ತಪಡಿಸಲಾಗಿಲ್ಲ.

ಸೇವಾರ್ಥಿಗಳ ದೃಷ್ಟಿಯಿಂದ ಈ ಪ್ರಕರಣದ ಎರಡು ಅಂಶಗಳು ಮುಖ್ಯವಾಗಿವೆ. ಮೊದಲನೆಯದಾಗಿ, ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ದೂರದಿಂದಲೇ ಅರ್ಜಿ ಸಲ್ಲಿಸಲು ಸಾಧ್ಯವಾಯಿತು. ಅರ್ಜಿದಾರರೆಂದು ನಮೂದಾಗಿದ್ದ ಸ್ಥಳೀಯರೇ ತಾವು ಅಂತಹ ಅರ್ಜಿ ಸಲ್ಲಿಸಿಲ್ಲವೆಂದು ತಿಳಿಸಿದರು. ಎರಡನೆಯದಾಗಿ, ಸಿಬ್ಬಂದಿಯು ಸ್ಥಳಕ್ಕೆ ತೆರಳಿ ವಿಚಾರಿಸಿದ್ದರಿಂದ ಸತ್ಯ ಹೊರಬಂದಿತು. ಮನೆಯಲ್ಲಿದ್ದವರು ‘ನಾನು ಇಲ್ಲಿಯೇ ಇದ್ದೇನೆ’ ಎಂದು ಹೇಳಬಲ್ಲರು. ಗುಳೆ ಹೋದವರ ಮನೆಗೆ ಬೀಗ ಹಾಕಿರುತ್ತದೆ; ಅವರ ಪರವಾಗಿ ಆ ಮಾತನ್ನು ಹೇಳುವವರು ಇರುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗವು ತನ್ನ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಆಧಾರಿತ ಇ-ಸಹಿಯ ವ್ಯವಸ್ಥೆಯನ್ನು ಅಳವಡಿಸಿತು. ಇದರಿಂದ ಅರ್ಜಿದಾರರ ಗುರುತು ಹಿಂದಿಗಿಂತ ಹೆಚ್ಚು ಖಚಿತವಾಗುತ್ತದೆ. ಆದರೆ ಇ-ಸಹಿಯು ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಗೆ ಬರುವ ಓಟಿಪಿಯನ್ನು ಅವಲಂಬಿಸಿರುವುದರಿಂದ, ಆ ಮೊಬೈಲ್ ಸಂಖ್ಯೆಯ ಬೆಲೆಯೂ ಅಷ್ಟೇ ಹೆಚ್ಚಿದೆ. ಬೀಗ ಗಟ್ಟಿಯಾದಂತೆ ಕೀಲಿಕೈಯನ್ನು ಜೋಪಾನ ಮಾಡುವ ಹೊಣೆಯೂ ದೊಡ್ಡದಾಗುತ್ತದೆ.

3. ಓಟಿಪಿಯೇ ಇಂದಿನ ಹೆಬ್ಬೆಟ್ಟು

ಹಿಂದೆ ತಹಶೀಲ್ದಾರರ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವರು ಕುಳಿತಿರುತ್ತಿದ್ದರು. ಅಕ್ಷರ ಬಾರದವರು ಅವರಿಂದ ಅರ್ಜಿ ಬರೆಸಿ, ಓದಿಸಿ ಕೇಳಿಕೊಂಡು, ಕೊನೆಯಲ್ಲಿ ತಾವೇ ಹೆಬ್ಬೆಟ್ಟು ಒತ್ತುತ್ತಿದ್ದರು. ಬರೆಯುವ ಕೆಲಸ ಬೇರೆಯವರದಾದರೂ ಒಪ್ಪಿಗೆ ಅರ್ಜಿದಾರರದೇ ಆಗಿರುತ್ತಿತ್ತು. ಖಾಲಿ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬಾರದೆಂಬ ತಿಳುವಳಿಕೆ ಎಲ್ಲರಿಗೂ ಇತ್ತು.

ಇಂದು ಬರೆಯುವ ಕೆಲಸವನ್ನು ಗ್ರಾಮ ಒನ್ ಕೇಂದ್ರ, ನಾಡಕಚೇರಿ ಅಥವಾ ಖಾಸಗಿ ಅಂಗಡಿಯ ಗಣಕಯಂತ್ರ ನಿರ್ವಾಹಕರು ಮಾಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಗಣಕಯಂತ್ರದ ಪರಿಚಯವಿಲ್ಲದವರಿಗೆ ಇಂತಹ ನೆರವು ಅವಶ್ಯಕವೇ ಆಗಿದೆ. ಆದರೆ ಒಪ್ಪಿಗೆಯ ಗುರುತು ಬದಲಾಗಿದೆ. ಮೊಬೈಲ್‌ಗೆ ಬರುವ ಓಟಿಪಿಯೇ ಇಂದಿನ ಹೆಬ್ಬೆಟ್ಟು. ಸಂದೇಶವನ್ನು ಓದದೆ ಅಂಕಿಗಳನ್ನು ಮಾತ್ರ ಹೇಳಿಬಿಡುವುದು ಖಾಲಿ ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಂತೆಯೇ ಸರಿ.

ಆದುದರಿಂದ ಅರ್ಜಿದಾರರು ಈ ಕೆಳಕಂಡ ಮೂರು ಅಂಶಗಳನ್ನು ಪಾಲಿಸತಕ್ಕದ್ದು.

ಅ) ಓಟಿಪಿ ಬಂದಾಗ ಸಂದೇಶವನ್ನು ಪೂರ್ತಿಯಾಗಿ ಓದಬೇಕು ಅಥವಾ ನಂಬಿಕಸ್ಥರಿಂದ ಓದಿಸಿಕೊಳ್ಳಬೇಕು. ಯಾವ ಇಲಾಖೆ ಅಥವಾ ಬ್ಯಾಂಕಿನಿಂದ, ಯಾವ ಕೆಲಸಕ್ಕಾಗಿ ಬಂದಿದೆ ಎಂಬುದು ಸಾಮಾನ್ಯವಾಗಿ ಅದರಲ್ಲಿಯೇ ಇರುತ್ತದೆ. ತಾವು ಸಲ್ಲಿಸುತ್ತಿರುವ ಅರ್ಜಿಗೂ ಸಂದೇಶಕ್ಕೂ ಹೊಂದಾಣಿಕೆ ಇಲ್ಲದಿದ್ದಲ್ಲಿ ಅಂಕಿಗಳನ್ನು ಹೇಳಕೂಡದು.

ಆ) ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯ ಕಾಲಂನಲ್ಲಿ ತಮ್ಮ ಅಥವಾ ಮನೆಯವರ ಸಂಖ್ಯೆಯೇ ನಮೂದಾಗಿದೆಯೇ ಎಂಬುದನ್ನು ಪರದೆಯ ಮೇಲೆ ನೋಡಿ ಖಚಿತಪಡಿಸಿಕೊಳ್ಳಬೇಕು. ಅನುಕೂಲಕ್ಕೆಂದು ಅಂಗಡಿಯವರ ಸಂಖ್ಯೆಯನ್ನು ನಮೂದಿಸಿದಲ್ಲಿ ಮುಂದಿನ ಎಲ್ಲ ಸಂದೇಶಗಳೂ ಅವರಿಗೇ ತಲುಪುತ್ತವೆ. ಗುಪ್ತಪದವನ್ನು ಬದಲಾಯಿಸುವ ಅಧಿಕಾರವೂ ಅವರ ಕೈಗೆ ಹೋಗುತ್ತದೆ.

ಇ) ಗುಪ್ತಪದವನ್ನು ನಿರ್ವಾಹಕರಿಗೆ ಹೇಳದೆ ತಾವೇ ಟೈಪ್ ಮಾಡಬೇಕು. ಅನಿವಾರ್ಯವಾಗಿ ಹೇಳಿದ್ದಲ್ಲಿ ಅದೇ ದಿನ ಅದನ್ನು ಬದಲಾಯಿಸಬೇಕು.

4. ಪರರ ಗಣಕಯಂತ್ರದಲ್ಲಿ ಏನೇನು ಉಳಿಯುತ್ತದೆ?

ಅರ್ಜಿ ಸಲ್ಲಿಸಿ ಹಣ ಪಾವತಿಸಿ ಹೊರಬಂದ ಮಾತ್ರಕ್ಕೆ ಕೆಲಸ ಮುಗಿದಂತಾಗುವುದಿಲ್ಲ. ಗಣಕಯಂತ್ರದಲ್ಲಿ ಉಳಿದುಹೋಗುವ ಕುರುಹುಗಳು ಈ ಕೆಳಕಂಡಂತಿವೆ.

ಮೊದಲನೆಯದು, ತೆರೆದೇ ಉಳಿದ ಖಾತೆ. ಕಿಟಕಿಯನ್ನು ಮುಚ್ಚುವುದೂ ಲಾಗ್‌ಔಟ್ ಮಾಡುವುದೂ ಒಂದೇ ಅಲ್ಲ. ಲಾಗ್‌ಔಟ್ ಮಾಡದೆ ಎದ್ದುಬಂದಲ್ಲಿ ಮುಂದಿನವರು ಅದೇ ಜಾಲತಾಣವನ್ನು ತೆರೆದಾಗ ತಮ್ಮ ಖಾತೆಯೇ ತೆರೆದುಕೊಳ್ಳಬಹುದು.

ಎರಡನೆಯದು, ಬ್ರೌಸರ್‌ನಲ್ಲಿ ಉಳಿದ ಗುಪ್ತಪದ. ಗುಪ್ತಪದವನ್ನು ಉಳಿಸಿಕೊಳ್ಳಬೇಕೇ ಎಂದು ಬ್ರೌಸರ್ ಕೇಳಿದಾಗ ‘ಬೇಡ’ ಎಂದೇ ಒತ್ತಬೇಕು. ಸಾಧ್ಯವಿದ್ದಲ್ಲಿ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಕೆಲಸ ಮಾಡುವುದು ಉತ್ತಮ. ಅದರಿಂದ ಭೇಟಿ ನೀಡಿದ ಪುಟಗಳ ವಿವರ ಬ್ರೌಸರ್‌ನಲ್ಲಿ ಉಳಿಯುವುದಿಲ್ಲ. ಆದರೆ ಡೌನ್‌ಲೋಡ್ ಆದ ಕಡತಗಳು ಹಾಗೆಯೇ ಉಳಿಯುತ್ತವೆ. ಒತ್ತಿದ ಕೀಲಿಗಳನ್ನು ಗುಪ್ತವಾಗಿ ದಾಖಲಿಸುವ ತಂತ್ರಾಂಶವೇನಾದರೂ ಆ ಯಂತ್ರದಲ್ಲಿದ್ದರೆ ಅದನ್ನೂ ಇನ್‌ಕಾಗ್ನಿಟೋ ತಡೆಯಲಾರದು. ಈ ಕಾರಣದಿಂದ ಬ್ಯಾಂಕ್ ಖಾತೆಯನ್ನು ಪರರ ಗಣಕಯಂತ್ರದಲ್ಲಿ ತೆರೆಯದಿರುವುದೇ ಲೇಸು.

ಮೂರನೆಯದು, ಡೌನ್‌ಲೋಡ್ ಆದ ದಾಖಲೆಗಳು. ಇದರಲ್ಲಿ ಇ-ಆಧಾರ್ ಕಡತವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಈ ಕಡತಕ್ಕೆ ಗುಪ್ತಪದವಿರುವುದರಿಂದ ಭಯವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಹೆಸರಿನ ಇಂಗ್ಲಿಷ್ ಕಾಗುಣಿತದ ಮೊದಲ ನಾಲ್ಕು ದೊಡ್ಡ ಅಕ್ಷರಗಳು ಮತ್ತು ಜನ್ಮ ವರ್ಷ ಸೇರಿದರೆ ಆ ಗುಪ್ತಪದವಾಗುತ್ತದೆ. ಈ ಸೂತ್ರವು ಎಲ್ಲರಿಗೂ ತಿಳಿದಿದೆ. ಅರ್ಜಿಯ ಜೆರಾಕ್ಸ್ ಪ್ರತಿ ಪಕ್ಕದಲ್ಲಿಯೇ ಇದ್ದರೆ ಹೆಸರೂ ಜನ್ಮ ವರ್ಷವೂ ಅದರಲ್ಲಿಯೇ ಸಿಗುತ್ತವೆ. ಆದುದರಿಂದ ಮುದ್ರಣವಾದ ಕೂಡಲೇ ಕಡತವನ್ನು ಡೌನ್‌ಲೋಡ್ ಕಡತಕೋಶದಿಂದಲೂ ರೀಸೈಕಲ್ ಬಿನ್‌ನಿಂದಲೂ ತಮ್ಮ ಎದುರಿನಲ್ಲಿಯೇ ಅಳಿಸಿಹಾಕಿಸಬೇಕು.

ನಾಲ್ಕನೆಯದು, ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದ ದಾಖಲೆಗಳು. ಮುದ್ರಣಕ್ಕಾಗಿ ಅಂಗಡಿಯ ಸಂಖ್ಯೆಗೆ ಆಧಾರ್, ಪಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ಗಳ ಚಿತ್ರಗಳನ್ನು ಕಳುಹಿಸುವ ರೂಢಿ ಎಲ್ಲೆಡೆ ಇದೆ. ಹೀಗೆ ಕಳುಹಿಸಿದ ಪ್ರತಿಗಳು ಅಂಗಡಿಯ ಮೊಬೈಲ್ ಹಾಗೂ ಗಣಕಯಂತ್ರ ಎರಡರಲ್ಲಿಯೂ ಉಳಿಯಬಹುದು. ಮುದ್ರಣದ ನಂತರ ಸಂದೇಶವನ್ನು ‘ಎಲ್ಲರಿಗೂ ಅಳಿಸು’ ಆಯ್ಕೆಯ ಮೂಲಕ ತೆಗೆದು, ಗಣಕಯಂತ್ರದಲ್ಲಿರುವ ಪ್ರತಿಯನ್ನೂ ಅಳಿಸುವಂತೆ ಕೇಳಬೇಕು. ತಮ್ಮ ವಾಟ್ಸ್‌ಆ್ಯಪ್ ಅನ್ನೇ ಅಂಗಡಿಯ ಗಣಕಯಂತ್ರದಲ್ಲಿ ತೆರೆದಿದ್ದಲ್ಲಿ, ಮೊಬೈಲ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಿಂದ ಆ ಯಂತ್ರವನ್ನು ತೆಗೆದುಹಾಕಬೇಕು. ಇಲ್ಲವಾದಲ್ಲಿ ತಾವು ಪುಣೆಯಿಂದ ಊರಿಗೆ ಮರಳಿದ ಮೇಲೂ ತಮ್ಮ ಸಂದೇಶಗಳು ಅಲ್ಲಿ ತೆರೆದೇ ಇರುವ ಸಂಭವವಿರುತ್ತದೆ.

ಐದನೆಯದು, ನಿಯಮದಂತೆಯೇ ಉಳಿಯುವ ದಾಖಲೆ. ಕೇಂದ್ರ ಸರ್ಕಾರದ 2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳ ಪ್ರಕಾರ ಕೆಫೆಯವರು ಬಳಕೆದಾರರ ಗುರುತನ್ನು ಪರಿಶೀಲಿಸಿ, ವಹಿಯಲ್ಲಿ ದಾಖಲಿಸಿ, ಅದನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕು. ತಮ್ಮ ಹೆಸರಿನಲ್ಲಿ ದಾಖಲಾದ ಅವಧಿಯಲ್ಲಿ ಬೇರೊಬ್ಬರಿಗೆ ಯಂತ್ರ ಬಳಸಲು ಬಿಟ್ಟಲ್ಲಿ, ಮುಂದೆ ವಿಚಾರಣೆ ಬಂದಾಗ ಮೊದಲು ಕೇಳಲ್ಪಡುವವರು ತಾವೇ ಆಗಿರುತ್ತೀರಿ.

5. ಗುರುತಿನ ದಾಖಲೆಯನ್ನು ತೋರಿಸುವುದು ಮತ್ತು ಪ್ರತಿ ಕೊಡುವುದು

ಪ್ರಯಾಣದಲ್ಲಿ ಗುರುತಿನ ದಾಖಲೆಯ ಅವಶ್ಯಕತೆ ಹೆಚ್ಚಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಮಹಿಳೆಯರು ಬಸ್ಸಿನಲ್ಲಿ ಗುರುತಿನ ಚೀಟಿಯನ್ನು ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆಯುತ್ತಾರೆ. ಇಲ್ಲಿ ನಿರ್ವಾಹಕರು ಚೀಟಿಯನ್ನು ನೋಡಿ ಹಿಂದಿರುಗಿಸುತ್ತಾರೆ, ಪ್ರತಿ ಪಡೆಯುವುದಿಲ್ಲ. ಆದರೆ ಯಾತ್ರಾ ಸ್ಥಳಗಳ ವಸತಿಗೃಹಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಹಾಗೂ ಕೆಲಸದ ಸ್ಥಳಗಳಲ್ಲಿ ಜೆರಾಕ್ಸ್ ಪ್ರತಿಯನ್ನು ಕೇಳಲಾಗುತ್ತದೆ. ತೋರಿಸಿದ ದಾಖಲೆ ತಮ್ಮೊಂದಿಗೆ ಮರಳುತ್ತದೆ. ಕೊಟ್ಟ ಪ್ರತಿ ಮರಳುವುದಿಲ್ಲ.

ಈ ವಿಷಯದಲ್ಲಿ 2022ರ ಮೇ 27ರಂದು ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಒಂದು ಪ್ರಕಟಣೆಯನ್ನು ಹೊರಡಿಸಿತ್ತು. ಆಧಾರ್ ಪ್ರತಿಯನ್ನು ಎಲ್ಲೆಂದರಲ್ಲಿ ನೀಡಬಾರದು, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕು ಆಧಾರ್ ಅನ್ನು ಬಳಸಬೇಕು, ಇ-ಆಧಾರ್ ಡೌನ್‌ಲೋಡ್ ಮಾಡಲು ಇಂಟರ್‌ನೆಟ್ ಕೆಫೆಯ ಗಣಕಯಂತ್ರಗಳನ್ನು ಬಳಸಬಾರದು, ಬಳಸಿದಲ್ಲಿ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಬೇಕು ಎಂಬ ಸಲಹೆಗಳು ಅದರಲ್ಲಿದ್ದವು. ಎರಡೇ ದಿನಗಳಲ್ಲಿ, ಅಂದರೆ ಮೇ 29ರಂದು, ತಪ್ಪಾಗಿ ಅರ್ಥೈಸಲ್ಪಡುವ ಸಾಧ್ಯತೆಯಿದೆಯೆಂಬ ಕಾರಣಕ್ಕಾಗಿ ಕೇಂದ್ರ ಸರ್ಕಾರವು ಅದನ್ನು ಹಿಂಪಡೆಯಿತು. ಆಧಾರ್ ಹೊಂದಿರುವವರು ಸಾಮಾನ್ಯ ವಿವೇಚನೆಯಿಂದ ಸಂಖ್ಯೆಯನ್ನು ಬಳಸಿದರೆ ಸಾಕೆಂದು ತಿಳಿಸಲಾಯಿತು.

ಪ್ರಕಟಣೆ ಹಿಂಪಡೆಯಲ್ಪಟ್ಟಿದ್ದರೂ ಮುಸುಕು ಆಧಾರ್ ಪಡೆಯುವ ಸೌಲಭ್ಯವು ಪ್ರಾಧಿಕಾರದ ಜಾಲತಾಣದಲ್ಲಿ ಲಭ್ಯವಿದೆ. ‘ಸಾಮಾನ್ಯ ವಿವೇಚನೆ’ ಎಂಬುದನ್ನು ಪ್ರಯಾಣಿಕರು ಹೀಗೆ ಅರ್ಥ ಮಾಡಿಕೊಳ್ಳಬಹುದು: ತೋರಿಸಿದರೆ ಸಾಕಾಗುವಲ್ಲಿ ಪ್ರತಿ ಕೊಡಬಾರದು, ಪ್ರತಿ ಕೊಡಲೇಬೇಕಾದಲ್ಲಿ ಮುಸುಕು ಪ್ರತಿಯನ್ನು ಕೊಡಬೇಕು, ಪ್ರತಿಯ ಮೇಲೆ ಯಾವ ಉದ್ದೇಶಕ್ಕಾಗಿ, ಯಾರಿಗೆ, ಯಾವ ದಿನಾಂಕದಂದು ಕೊಡಲಾಗಿದೆ ಎಂಬುದನ್ನು ಅಡ್ಡಲಾಗಿ ಬರೆದು ಸಹಿ ಮಾಡಬೇಕು. 2025ರ ನವೆಂಬರ್‌ನಲ್ಲಿ ಪ್ರಾಧಿಕಾರವು ಬಿಡುಗಡೆ ಮಾಡಿದ ಹೊಸ ಆಧಾರ್ ಆ್ಯಪ್‌ನಲ್ಲಿ ಅಗತ್ಯವಿರುವ ವಿವರಗಳನ್ನು ಮಾತ್ರ ತೋರಿಸುವ ವ್ಯವಸ್ಥೆಯಿದ್ದು, ಸ್ಮಾರ್ಟ್‌ಫೋನ್ ಉಳ್ಳವರು ಇದನ್ನು ಬಳಸಬಹುದಾಗಿದೆ.

6. ಬದಲಾಯಿಸಲಾಗದ ಗುಪ್ತಪದ: ಬೆರಳಚ್ಚು

ಗುಪ್ತಪದ ಸೋರಿದರೆ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳನ್ನು ಬದಲಾಯಿಸಲಾಗದು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಇದ್ದರೆ ಓಟಿಪಿ ಇಲ್ಲದೆಯೂ ಹಣ ತೆಗೆಯಬಹುದು. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಗಳಿಗೆ ಇದು ಉಪಕಾರಿಯಾದ ವ್ಯವಸ್ಥೆಯೇ ಆಗಿದೆ. ಆದರೆ 2023ರಲ್ಲಿ ರಾಜ್ಯದಲ್ಲಿ, ನೋಂದಾಯಿತ ಆಸ್ತಿ ದಸ್ತಾವೇಜುಗಳಲ್ಲಿದ್ದ ಬೆರಳಚ್ಚು ಹಾಗೂ ಆಧಾರ್ ವಿವರಗಳನ್ನು ನಕಲು ಮಾಡಿ ಖಾತೆಗಳಿಂದ ಹಣ ಲಪಟಾಯಿಸಿದ ಪ್ರಕರಣಗಳು ಬೆಳಕಿಗೆ ಬಂದವು.

ಇದಕ್ಕೆ ಪರಿಹಾರವಾಗಿ ಪ್ರಾಧಿಕಾರದ ಜಾಲತಾಣ ಹಾಗೂ ಆ್ಯಪ್ ಮೂಲಕ ಬಯೋಮೆಟ್ರಿಕ್ ವಿವರಗಳಿಗೆ ಬೀಗ ಹಾಕುವ ಸೌಲಭ್ಯವಿದೆ. ಆದರೆ ಬೀಗ ಹಾಕಿದ ನಂತರ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ನೀಡಿದರೂ ಅದು ಸ್ವೀಕೃತವಾಗುವುದಿಲ್ಲ. ‘ಒಂದು ರಾಷ್ಟ್ರ ಒಂದು ಪಡಿತರ ಚೀಟಿ’ ವ್ಯವಸ್ಥೆಯಡಿ ಪರರಾಜ್ಯದಲ್ಲಿ ಪಡಿತರ ಪಡೆಯುವ ಗುಳೆ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಆದುದರಿಂದ ಪಡಿತರ ಪಡೆಯುವ ದಿನ ಬೀಗವನ್ನು ತಾತ್ಕಾಲಿಕವಾಗಿ ತೆರೆದು, ನಂತರ ಪುನಃ ಹಾಕಿರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಬೀಗ ತೆರೆಯಲು ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕಾದುದು ಅವಶ್ಯಕ.

7. ಹಳೆಯ ಮೊಬೈಲ್ ಸಂಖ್ಯೆಯನ್ನು ಕೈಬಿಡುವುದರ ಪರಿಣಾಮ

ಮೇಲಿನ ಎಲ್ಲ ರಕ್ಷಣೆಗಳೂ ಕೊನೆಗೆ ಮೊಬೈಲ್ ಸಂಖ್ಯೆಯೊಂದರ ಮೇಲೆ ನಿಂತಿರುವುದನ್ನು ಗಮನಿಸಬಹುದು. ಪರಊರಿಗೆ ಹೋದವರು ಅಲ್ಲಿ ಹೊಸ ಸಿಮ್ ಪಡೆದು ಹಳೆಯದನ್ನು ರೀಚಾರ್ಜ್ ಮಾಡದೆ ಬಿಡುವುದುಂಟು. ಬ್ಯಾಂಕ್, ಆಧಾರ್, ಪಿಂಚಣಿ ಹಾಗೂ ಅರ್ಜಿಗಳಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಉಳಿದಿರುತ್ತದೆ.

ಬಳಕೆಯಿಲ್ಲದೆ ಸ್ಥಗಿತಗೊಂಡ ಸಂಖ್ಯೆಯನ್ನು ದೂರಸಂಪರ್ಕ ಕಂಪನಿಗಳು ಕಾಲಾನಂತರ ಬೇರೊಬ್ಬರಿಗೆ ಹಂಚುತ್ತವೆ. ಈ ಪದ್ಧತಿಯನ್ನು ಪ್ರಶ್ನಿಸಿದ ಅರ್ಜಿಯೊಂದು ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಸ್ಥಗಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳವರೆಗೆ ಹೊಸ ಚಂದಾದಾರರಿಗೆ ಹಂಚುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ತಿಳಿಸಿತು. ತಮ್ಮ ಹಳೆಯ ಸಂಖ್ಯೆಗೆ ಸೇರಿದ ಖಾಸಗಿ ಮಾಹಿತಿಯನ್ನು ಕಾಪಾಡಿಕೊಳ್ಳಲು ಕ್ರಮ ಕೈಗೊಳ್ಳಬೇಕಾದವರು ಚಂದಾದಾರರೇ ಎಂದು 2023ರ ನವೆಂಬರ್‌ನಲ್ಲಿ ನ್ಯಾಯಾಲಯವು ಅಭಿಪ್ರಾಯಪಟ್ಟಿತು.

ಇದರ ಅರ್ಥ ಸ್ಪಷ್ಟವಾಗಿದೆ. ದೀರ್ಘಕಾಲ ಕೈಬಿಟ್ಟ ಸಂಖ್ಯೆ ಅಪರಿಚಿತರೊಬ್ಬರ ಕೈ ಸೇರಿದಾಗ, ತಮ್ಮ ಬ್ಯಾಂಕಿನ ಓಟಿಪಿಯೂ ಅವರಿಗೇ ತಲುಪಬಹುದು. ಅವರು ಯಾವ ಮೋಸವನ್ನೂ ಮಾಡದಿದ್ದರೂ, ಕಚೇರಿಯಿಂದ ತಮಗೆ ಬರಬೇಕಾದ ಸೂಚನೆ ತಮಗೆ ತಲುಪುವುದಿಲ್ಲ. ಅರ್ಜಿಯಲ್ಲಿ ಕೊರತೆಯಿದೆಯೆಂದು ಕಳುಹಿಸಿದ ಸಂದೇಶ ತಲುಪದೆ ಅರ್ಜಿ ತಿರಸ್ಕೃತವಾದಲ್ಲಿ ನಷ್ಟ ಅರ್ಜಿದಾರರದೇ ಆಗಿರುತ್ತದೆ. ಆದುದರಿಂದ ಹಳೆಯ ಸಂಖ್ಯೆಯನ್ನು ಚಾಲ್ತಿಯಲ್ಲಿಡಬೇಕು. ಇಲ್ಲವೇ ಅದನ್ನು ಬಿಡುವ ಮೊದಲು ಬ್ಯಾಂಕ್ ಶಾಖೆ ಹಾಗೂ ಆಧಾರ್ ಸೇವಾ ಕೇಂದ್ರದಲ್ಲಿ ಹೊಸ ಸಂಖ್ಯೆಯನ್ನು ನೋಂದಾಯಿಸಿಕೊಳ್ಳಬೇಕು.

8. ಅನುಸರಿಸಬೇಕಾದ ಕ್ರಮಗಳು

ಊರಿನಿಂದ ಹೊರಡುವ ಮುನ್ನ:

1) ಆಧಾರ್ ಮತ್ತು ಬ್ಯಾಂಕ್ ಖಾತೆಗೆ ಯಾವ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ ಎಂಬುದನ್ನು ಪರಿಶೀಲಿಸಿಕೊಳ್ಳುವುದು.
2) ಮುಸುಕು ಆಧಾರ್‌ನ ಎರಡು ಮೂರು ಪ್ರತಿಗಳನ್ನು ಮೊದಲೇ ಮುದ್ರಿಸಿ ಜೊತೆಯಲ್ಲಿ ಇಟ್ಟುಕೊಳ್ಳುವುದು.
3) ಮುಖ್ಯ ದಾಖಲೆಗಳನ್ನು ಡಿಜಿಲಾಕರ್‌ನಲ್ಲಿ ಇರಿಸಿಕೊಳ್ಳುವುದು. ಇದರಿಂದ ಪರರ ಮೊಬೈಲ್‌ಗೆ ಚಿತ್ರಗಳನ್ನು ಕಳುಹಿಸುವ ಸಂದರ್ಭ ಕಡಿಮೆಯಾಗುತ್ತದೆ.
4) ಸಿಮ್‌ಗೆ ಪಿನ್ ಹಾಗೂ ಮೊಬೈಲ್‌ಗೆ ಪರದೆ ಬೀಗವನ್ನು ಅಳವಡಿಸುವುದು. ಮೊಬೈಲ್‌ನ ಐಎಂಇಐ ಸಂಖ್ಯೆಯನ್ನು ಬರೆದು ಮನೆಯಲ್ಲಿ ಇಡುವುದು.
5) ಪ್ರತಿ ಖಾತೆಗೂ ಬೇರೆ ಬೇರೆ ಗುಪ್ತಪದವನ್ನು ಇಡುವುದು. ಹೆಸರು, ಜನ್ಮ ದಿನಾಂಕ ಮತ್ತು ಮೊಬೈಲ್ ಸಂಖ್ಯೆಯನ್ನು ಬಳಸಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಉದ್ದವಾದ, ನೆನಪಿನಲ್ಲಿ ಉಳಿಯುವ ಗುಪ್ತಪದ ದೊರೆಯುತ್ತದೆ.
6) ಗುಪ್ತಪದವನ್ನು ಬರೆದಿಡಬೇಕಾದಲ್ಲಿ ಮನೆಯ ಪೆಟ್ಟಿಗೆಯಲ್ಲಿ ಇಡುವುದು. ಎಟಿಎಂ ಕಾರ್ಡಿನ ಕವರಿನ ಮೇಲಾಗಲೀ ಆಧಾರ್ ಪ್ರತಿಯ ಹಿಂಬದಿಯಲ್ಲಾಗಲೀ ಬರೆಯಕೂಡದು.

ದೂರದಲ್ಲಿರುವಾಗ:

1) ಜಾಲತಾಣದ ವಿಳಾಸವನ್ನು ತಾವೇ ಟೈಪ್ ಮಾಡುವುದು, ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದಿರುವುದು. ಸರ್ಕಾರಿ ಜಾಲತಾಣಗಳ ವಿಳಾಸವು ಸಾಮಾನ್ಯವಾಗಿ ‘ಡಾಟ್ ಗವ್ ಡಾಟ್ ಇನ್’ ಅಥವಾ ‘ಡಾಟ್ ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತ್ತು.
2) ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆಯಿದ್ದ ಮಾತ್ರಕ್ಕೆ ನಂಬಬಾರದು. ಮಾಹಿತಿ ಸಾಗುವ ದಾರಿ ಭದ್ರವಾಗಿದೆ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಆಚೆ ಕುಳಿತವರು ಯಾರೆಂಬುದನ್ನು ಸೂಚಿಸುವುದಿಲ್ಲ.
3) ರೈಲು ನಿಲ್ದಾಣ ಹಾಗೂ ವಸತಿಗೃಹಗಳ ಉಚಿತ ವೈ-ಫೈ ಮೂಲಕ ಹಣದ ವ್ಯವಹಾರ ಮಾಡದೆ, ತಮ್ಮ ಮೊಬೈಲ್ ಡೇಟಾವನ್ನು ಬಳಸುವುದು.
4) ಸಾರ್ವಜನಿಕ ಚಾರ್ಜಿಂಗ್ ಸ್ಥಳಗಳಲ್ಲಿ ತಮ್ಮದೇ ಚಾರ್ಜರ್ ಅನ್ನು ವಿದ್ಯುತ್ ಸಾಕೆಟ್‌ಗೆ ಜೋಡಿಸಿ ಬಳಸುವುದು.
5) ಯೋಜನೆಯ ಹಣ ಬಿಡುಗಡೆಯಾಗಿದೆ ಎಂದು ಹೇಳಿ ಪರದೆ ಹಂಚಿಕೆಯ ಆ್ಯಪ್ ಹಾಕಿಕೊಳ್ಳುವಂತೆ ದೂರವಾಣಿಯಲ್ಲಿ ಸೂಚಿಸುವವರನ್ನು ನಂಬದಿರುವುದು.

ಮರಳಿದ ನಂತರ:

1) ಪರರ ಗಣಕಯಂತ್ರದಲ್ಲಿ ಬಳಸಿದ ಎಲ್ಲ ಗುಪ್ತಪದಗಳನ್ನು ಬದಲಾಯಿಸುವುದು.
2) ಪಾಸ್‌ಬುಕ್‌ನಲ್ಲಿ ನಮೂದು ಮಾಡಿಸಿ, ತಾವು ಮಾಡದ ಖರ್ಚು ಇದೆಯೇ ಎಂದು ಸಾಲು ಸಾಲಾಗಿ ತಾಳೆ ನೋಡುವುದು.
3) ಮತದಾರರ ಪಟ್ಟಿ ಹಾಗೂ ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರು ಇರುವುದನ್ನು ಖಚಿತಪಡಿಸಿಕೊಳ್ಳುವುದು.
4) ತಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸುವುದು.

9. ತೊಂದರೆ ಉಂಟಾದಲ್ಲಿ

ಹಣ ಕಳೆದುಹೋಗಿರುವುದು ತಿಳಿದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ಶೀಘ್ರವಾಗಿ ಸಾಗಿಸುವುದರಿಂದ ಊರಿಗೆ ಮರಳಿದ ಮೇಲೆ ನೋಡೋಣವೆಂದು ತಡ ಮಾಡಬಾರದು. ಬ್ಯಾಂಕಿಗೂ ಅಂದೇ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು.

ಘಟನೆ ನಡೆದ ಸ್ಥಳ ಯಾವುದೆಂಬ ಗೊಂದಲ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದನ್ವಯ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅಪರಾಧ ನಡೆದ ಪ್ರದೇಶ ಯಾವುದೇ ಆಗಿದ್ದರೂ, ಪೊಲೀಸ್ ಠಾಣೆಯಲ್ಲಿ ನೀಡಬಹುದಾಗಿದೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದಲ್ಲಿ ಮೂರು ದಿನಗಳೊಳಗೆ ಅದಕ್ಕೆ ಸಹಿ ಮಾಡಬೇಕು. ಮೊಬೈಲ್ ಕಳೆದುಹೋದಲ್ಲಿ ಸಿಮ್ ಅನ್ನು ಸ್ಥಗಿತಗೊಳಿಸಿ, ಪೊಲೀಸರಿಗೆ ದೂರು ನೀಡಿ, ಸಂಚಾರ್ ಸಾಥಿಯ ಸಿಇಐಆರ್ ಸೌಲಭ್ಯದ ಮೂಲಕ ಉಪಕರಣವನ್ನು ನಿರ್ಬಂಧಿಸಬಹುದು.

10. ಕಾನೂನಿನ ಸ್ಥಿತಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಪ್ರಕರಣವು ಬೇರೊಬ್ಬರ ವಿದ್ಯುನ್ಮಾನ ಸಹಿ, ಗುಪ್ತಪದ ಅಥವಾ ಇತರ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಇದಕ್ಕೆ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಸಹಿಯನ್ನೂ ಗುಪ್ತಪದವನ್ನೂ ಕಾನೂನು ಒಂದೇ ಸಾಲಿನಲ್ಲಿ ಇರಿಸಿರುವುದನ್ನು ಇಲ್ಲಿ ಗಮನಿಸಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ತದನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ರೂಪುಗೊಂಡು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ಸಂಗ್ರಹಿಸುವ ಸಂಸ್ಥೆಗಳ ಮುಖ್ಯ ಬಾಧ್ಯತೆಗಳು ನಿಯಮ ಪ್ರಕಟವಾದ 18 ತಿಂಗಳುಗಳ ನಂತರ ಜಾರಿಗೆ ಬರುವಂತೆ ಕಾಲಾವಕಾಶ ನೀಡಲಾಗಿದೆ. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ಮಾಹಿತಿಯನ್ನು ಕಾಪಾಡುವ ಭಾರ ಅರ್ಜಿದಾರರೊಬ್ಬರ ಮೇಲೆಯೇ ಇಲ್ಲ. ಅದನ್ನು ಪಡೆಯುವ ಕಚೇರಿ ಹಾಗೂ ಸಂಸ್ಥೆಗಳ ಮೇಲೆಯೂ ಇದೆ. ಯಾವ ಉದ್ದೇಶಕ್ಕಾಗಿ ಪ್ರತಿ ಬೇಕು ಎಂದು ಕೇಳುವುದು ಉದ್ಧಟತನವಲ್ಲ, ನಾಗರಿಕರ ಹಕ್ಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ಪುಣೆಯಲ್ಲಿದ್ದೇನೆ. ಊರಿನಲ್ಲಿರುವ ತಮ್ಮ ನನ್ನ ಪರವಾಗಿ ಅರ್ಜಿ ಸಲ್ಲಿಸುತ್ತಿದ್ದು, ಓಟಿಪಿ ಕೇಳುತ್ತಿದ್ದಾನೆ. ಹೇಳಬಹುದೇ?
ಉತ್ತರ: ತಾವೇ ತಮ್ಮನಿಗೆ ಕರೆ ಮಾಡಿ, ದನಿಯನ್ನು ಗುರುತಿಸಿ, ಯಾವ ಅರ್ಜಿಯೆಂದು ಕೇಳಿ ತಿಳಿದು, ಸಂದೇಶದಲ್ಲಿ ಅದೇ ಸೇವೆಯ ಹೆಸರಿದ್ದಲ್ಲಿ ಮಾತ್ರ ಹೇಳಬಹುದು. ಬ್ಯಾಂಕ್ ಸಂಬಂಧಿತ ಓಟಿಪಿಯನ್ನು ಯಾರಿಗೂ ಹೇಳಬಾರದು.

ಪ್ರಶ್ನೆ: ಅರ್ಜಿಯ ಸ್ಥಿತಿ ನೋಡಲು ಗುಪ್ತಪದ ತಮ್ಮಲ್ಲಿಯೇ ಇರಲಿ ಎಂದು ಅಂಗಡಿಯವರು ಹೇಳುತ್ತಾರೆ. ಇದು ಅವಶ್ಯಕವೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಸ್ವೀಕೃತಿ ಪತ್ರದಲ್ಲಿರುವ ಅರ್ಜಿ ಸಂಖ್ಯೆಯಿಂದ ಸ್ಥಿತಿಯನ್ನು ತಿಳಿಯಬಹುದು. ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆದು ಇಟ್ಟುಕೊಳ್ಳಬೇಕು.

ಪ್ರಶ್ನೆ: ನಮ್ಮ ತಾಯಿಯವರ ಬಳಿ ಮೊಬೈಲ್ ಇಲ್ಲ. ಯಾರ ಸಂಖ್ಯೆಯನ್ನು ಕೊಡಬೇಕು?
ಉತ್ತರ: ಊರಿನಲ್ಲಿ ಅವರೊಂದಿಗೆ ವಾಸಿಸುವ, ನಂಬಿಕೆಗೆ ಅರ್ಹರಾದ ಮನೆಯವರ ಸಂಖ್ಯೆಯನ್ನು ಕೊಡಬೇಕು. ಅಂಗಡಿಯವರ ಅಥವಾ ಮಧ್ಯವರ್ತಿಗಳ ಸಂಖ್ಯೆಯನ್ನು ಕೊಡಬಾರದು.

12. ಉಪಸಂಹಾರ

ಗುಪ್ತಪದ ಮತ್ತು ಓಟಿಪಿಗಳನ್ನು ಯಂತ್ರದ ವಿಷಯವೆಂದು ಬದಿಗಿಡದೆ, ಅವು ತಮ್ಮ ಸಹಿ ಹಾಗೂ ಹೆಬ್ಬೆಟ್ಟು ಎಂದು ತಿಳಿದು ನಡೆದುಕೊಂಡಲ್ಲಿ ಮೇಲೆ ವಿವರಿಸಿದ ಬಹುಪಾಲು ತೊಂದರೆಗಳನ್ನು ತಡೆಯಬಹುದಾಗಿದೆ. ಓದಲು ಬಾರದ ಹಿರಿಯರು ಮನೆಯಲ್ಲಿದ್ದಲ್ಲಿ, ಊರಿನಿಂದ ಹೊರಡುವ ಮುನ್ನ ಈ ಪುಟದ 8ನೇ ಕಂಡಿಕೆಯನ್ನು ಅವರಿಗೆ ಓದಿ ಹೇಳುವಂತೆ ಕೋರಲಾಗಿದೆ.

ಉಪಯುಕ್ತ ಸಂಖ್ಯೆಗಳು: ಸೈಬರ್ ವಂಚನೆ ಸಹಾಯವಾಣಿ – 1930; ಆಧಾರ್ ಸಹಾಯವಾಣಿ – 1947; ಮತದಾರರ ಸಹಾಯವಾಣಿ – 1950; ತುರ್ತು ಸೇವೆ – 112.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ನಿಯಮಗಳ ಅಧಿಕೃತ ಪಠ್ಯಕ್ಕಾಗಿ ಸಂಬಂಧಪಟ್ಟ ಅಧಿಸೂಚನೆಗಳನ್ನು ನೋಡುವುದು.

ಶಾಖಾಧಿಕಾರಿ